ಅಮ್ಮ “ಚೆನ್ನಾಗಿದೆ” ಅನ್ನುತ್ತಿದ್ದಾಳೆ

ಅಡುಗೆಮನೆಯ ಮೇಜಿನಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿ,

ಹಲ್ಲುನೋವು ಇಳಿಯಿತೇ? ಲವಂಗ ಕಚ್ಚಿಕೊಂಡು ಡಾಕ್ಟರನ್ನು ಮುಂದೂಡಬೇಡ. ನನ್ನ ಮಂಡಿ ಎಂದಿನಂತೆ ಗೊಣಗುತ್ತದೆ, ಅದಕ್ಕೆ ಜೊತೆಯಾಗಿ ನಾನೂ. ನಿನ್ನ ಅಮ್ಮನ ವಿಷಯವೇ ಬೇರೆ. ಜ್ವರ ಬಿಟ್ಟು ಎರಡು ತಿಂಗಳಾದರೂ ಮೂಗಿಗೆ ವಾಸನೆಯಿಲ್ಲ, ನಾಲಿಗೆಗೆ ರುಚಿಯಿಲ್ಲ. ಒಲೆಯ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದಾಳೆ. ಯಾರ ಕೈಯಡುಗೆಯನ್ನೂ ಒಪ್ಪದವಳು, ಮದುವೆಯಾದ ಹೊಸತರಲ್ಲೇ ಅತ್ತೆಗೆ “ಉಪ್ಪು ಬಿದ್ದಿದೆಯಾ, ಇನ್ನು ಬೀಳ್ಬೇಕಾ?” ಎಂದು ಕೇಳಿದವಳು, ಈಗ ಏನು ಬಡಿಸಿದರೂ “ಚೆನ್ನಾಗಿದೆ” ಅನ್ನುತ್ತಾಳೆ. ಆ ಮಾತಿಗಿಂತ ಅವಳ ಬೈಗುಳವೇ ವಾಸಿಯಿತ್ತು.

ಬೆಳ್ಳುಳ್ಳಿ, ಚೀಸು ಘಮ್ಮೆನ್ನುವ ಇಟಾಲಿಯನ್ ಹೋಟೆಲುಗಳಿಗೆ ಕರೆದುಕೊಂಡು ಹೋಗಿ, ಹಿಡಿಸಿದ್ದನ್ನು ಮನೆಯಲ್ಲಿ ಮಾಡಿ ಎಂದು ನೀನು ಬರೆದೆ. ಹೋದೆವು. ಹೇಸಿಗೆ, ಪುಟ್ಟಿ, ಶುದ್ಧ ಹೇಸಿಗೆ! ಮೊದಲನೆಯದು ನಾವು ಹೋಗುತ್ತಿದ್ದ ಹಳೇ ಪುಸ್ತಕದಂಗಡಿ ಇದ್ದ ಜಾಗ. ಅಲ್ಲಿಯ ಏಣಿಯ ಮೇಲೆ ಕೂತೇ ನೀನು ಅಕ್ಷರ ಕೂಡಿಸಿ ಓದಲು ಕಲಿತದ್ದು. ಈಗ ಪುಸ್ತಕಗಳ ಬೆನ್ನಷ್ಟನ್ನೇ ಕೊಯ್ದು ಅಲಂಕಾರಕ್ಕೆಂದು ಗೋಡೆಗೆ ಅಂಟಿಸಿದ್ದಾರೆ. ಆ ಹೆಣಗಳ ಕೆಳಗೆ ಕೂತು ಉಣ್ಣಬೇಕು! ಮೆನು ಓದಲು ಬೆಳಕಿಲ್ಲ. ತಟ್ಟೆ ಬಂದ ಮೇಲೆ ಕತ್ತಲೆಯ ಮರ್ಮ ತಿಳಿಯಿತು. ಕೆನೆಯಲ್ಲಿ ಮುಳುಗಿ ಸತ್ತ ಪಾಸ್ತಾ, ಪೋಸ್ಟರ್ ಅಂಟಿಸುವ ಗೋಂದಿನ ಹದ. ಅಮ್ಮ ಪೂರ್ತಿ ತಿಂದು “ಚೆನ್ನಾಗಿದೆ” ಅಂದಳು.

ಎರಡನೆಯದರಲ್ಲಿ ಟೊಮೆಟೊ ಸಾಸು ಅನ್ನುವುದು ಬಣ್ಣ ಹಾಕಿದ ಸಕ್ಕರೆ ಪಾಕ. ಅಡುಗೆಯವನನ್ನು ಕರೆಸಿ ಮುಖಕ್ಕೇ ಹೇಳಿದೆ. “ನೀವೊಬ್ರೇ ಸರ್ ಹೀಗನ್ನೋದು. ಮೇಡಂ ನೋಡಿ, ತಟ್ಟೆ ತೊಳೆದಂಗಿದೆ” ಅಂದ. ದುಡ್ಡು ಕೊಟ್ಟು ಎದ್ದು ಬಂದೆ. ಆ ಖಾಲಿ ತಟ್ಟೆಯ ಅರ್ಥ ಅವನಿಗೇನು ಗೊತ್ತು?

ಬಸ್ ಡಿಪೋದ ಹಿಂದಿನ ಚಿಕ್ಕ ಹೋಟೆಲೊಂದೇ ಮರ್ಯಾದಸ್ಥ ಜಾಗ. ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಎಳೆಎಳೆಯಾದ ಪಾಸ್ತಾ, ಅಷ್ಟೇ. ಅಲ್ಲಿಯೂ ಅಮ್ಮನದು ಅದೇ ಮಾತು. ಆದರೆ ಇದನ್ನು ನಾನೂ ಮಾಡಬಲ್ಲೆ ಅನ್ನಿಸಿತು. ಲೈಬ್ರರಿಯಿಂದ ಅಡುಗೆ ಪುಸ್ತಕ ತಂದು ಓದಿದೆ. ಸಣ್ಣ ಉರಿ, ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿದೊಡನೆ ಇಳಿಸಬೇಕು. ಪಾಸ್ತಾ ಬೆಂದಾಗಿದೆ, ಬೆಳ್ಳುಳ್ಳಿ ಹಾಕಿದ ಬಾಣಲೆ ಸಣ್ಣ ಉರಿಯ ಮೇಲೇ ಇದೆ. ಅಮ್ಮ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬಟ್ಟೆ ಮಡಚುತ್ತಿದ್ದಾಳೆ.

ಅಂದಹಾಗೆ, ಆ ಪುಸ್ತಕದ ಬೆನ್ನುಗಳ ಬಗ್ಗೆ ಪತ್ರಿಕೆಗೂ ಬರೆಯುತ್ತಿದ್ದೇನೆ. ಅವುಗಳಲ್ಲಿ ಒಂದು ಹಳೆಯ ನಿಘಂಟಿನದು. ಒಳಗಿನ ಹಾಳೆಗಳೆಲ್ಲಿ ಎಂದು ಕೇಳಿದರೆ ಮ್ಯಾನೇಜರು “ಅದ್ಯಾರಿಗೆ ಬೇಕು ಸರ್?” ಎಂದು ನಕ್ಕ. ಮೆದುಳು ತೆಗೆದು ಟೋಪಿ ಉಳಿಸಿಕೊಂಡ ಜನ! ಅಲ್ಲಿದ್ದ ಪುಸ್ತಕದಂಗಡಿಯವರು ಪುಟ ಮಡಚಿದರೆ ಮಕ್ಕಳನ್ನೂ ಗದರುತ್ತಿದ್ದರು, ನಿನಗೂ ಬೈದಿದ್ದರು, ನೆನಪಿದೆಯೇ?

ಇರಲಿ. ಹಲ್ಲು ಜೋಪಾನ. ನಿನ್ನ ಮನೆಯವನಿಗೂ ನಿನಗೂ ನನ್ನ ತುಂಬು ಆಶೀರ್ವಾದ.

ನಿನ್ನ,
ಅಪ್ಪ

ಮರೆಯುವ ಮುನ್ನ: ಬೆಳ್ಳುಳ್ಳಿ ಕರಕಲಾಯಿತು. ಮೊದಲು ಗೊತ್ತಾದದ್ದು ನನಗಲ್ಲ. ಮುಚ್ಚಿದ ಬಾಗಿಲಾಚೆಯಿಂದ ಕೂಗು ಬಂತು: “ರೀ, ಏನೋ ಸೀದ್ಹೋಗ್ತಿದೆ! ಥೂ, ಒಲೆ ಮುಂದೆ ಕೂತು ಪತ್ರ ಬರೀತಾರಾ ಯಾರಾದ್ರೂ?” ಓಡಿ ಬಂದು, ಸೌಟು ಕಿತ್ತುಕೊಂಡು, ಕರಕಲು ಚೂರೊಂದನ್ನು ಬಾಯಿಗಿಟ್ಟು ಮುಖ ಕಿವುಚಿ, “ಕಹಿ ಕಹಿ! ಇದನ್ನ ಮನುಷ್ಯರು ತಿಂತಾರಾ?” ಅಂದಳು. ಈಗ ಬೇರೆ ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಕೇಳಿಸಿತೇ ಪುಟ್ಟಿ? ಚೆನ್ನಾಗಿಲ್ಲವಂತೆ!