ಮುಚ್ಚದೆ ಕಳಿಸಿದ ಸಂದಿ

ವಿದ್ಯಾರಣ್ಯಪುರ
೧೨–೩–೨೦೧೫

ಪ್ರೀತಿಯ ವಿಜಯಣ್ಣಾ,

ಪ್ರೀತಿಯ ಅಂತ ಬರೆಯೋಕೆ ಮುಂಚೆ ಪೆನ್ನು ನಿಂತಿತು. ಆದರೂ ಬರೆದಿದ್ದೀನಿ, ಇರಲಿ. ಹೇಗಿದ್ದೀಯ? ಹೊಸೂರಿನ ನೀರು ಹೊಟ್ಟೆಗೆ ಒಗ್ಗಿತಾ? ಇಲ್ಲಿ ಅಮ್ಮ ಮೊಣಕಾಲು ನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಬೈರಮ್ಮಜ್ಜಿ ಮಾತ್ರ ಗಂಜಿ ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ, ಕಣ್ಣು ಬಿಟ್ಟಾಗಲೆಲ್ಲ ನಿನ್ನ ಹೆಸರು ಹೇಳುತ್ತಾಳೆ. ನನ್ನ ನಂಬರ್ ಕಂಡರೆ ನೀನು ಫೋನ್ ಕಟ್ ಮಾಡ್ತೀಯ. ಕಾಗದವನ್ನು ಕಟ್ ಮಾಡೋಕಾಗಲ್ಲ, ಬೇಕಾದರೆ ಹರಿದು ಹಾಕಬಹುದು. ಓದಿ ಆಮೇಲೆ ಹರಿ.

ನಿಮ್ಮ ಕಂಪನಿಯವರ ಮುಂದೆ ‘ನನ್ನ ತಂಗಿ ಆಟದ ಸಾಮಾನು ಅಂಟಿಸ್ತಾಳೆ’ ಅಂತ ಹೇಳಿ ನಕ್ಕೆಯಂತೆ, ನಮ್ಮ ಗಾಡಿ ಓಡಿಸೋ ಜಮೀರ್ ಹೇಳಿದ. ನಗು. ಆ ಆಟದ ಸಾಮಾನಿನ ಧೂಳು ಮೂಗಿಗೆ ಹೋಗದ ಹಾಗೆ ದಿನವಿಡೀ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿರುತ್ತೀನಿ. ಅಚ್ಚಲ್ಲಿ ಎರಕ ಹೊಯ್ದ ರೆಸಿನ್ ಪ್ಲಾಸ್ಟಿಕ್ ತುಂಡುಗಳು ಡಬ್ಬದಲ್ಲಿ ಬರುತ್ತವೆ, ಒಂದೂ ನೆಟ್ಟಗಿರಲ್ಲ. ಅಚ್ಚಿನ ಜಿಡ್ಡು ಹೋಗೋ ಹಾಗೆ ಸೋಪಿನಲ್ಲಿ ತೊಳೆದು, ಸೊಟ್ಟಗಿದ್ದರೆ ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿ, ಅಂಟು ಹಾಕದೆ ಕೂಡಿಸಿ ನೋಡಿದರೂ ಎರಡು ತುಂಡಿನ ನಡುವೆ ಸಂದಿ ಉಳಿದೇ ಉಳಿಯುತ್ತೆ. ಕೂದಲೆಳೆಯಷ್ಟಿದ್ದರೆ ಅಂಟಿನ ಮೇಲೆ ಮುಖದ ಪೌಡರ್ ಉದುರಿಸಿ ಉಜ್ಜಿದರೆ ಮುಗೀತು. ಅಗಲವಿದ್ದರೆ ಪ್ಲಾಸ್ಟಿಕ್ ಚಕ್ಕೆ ಕೂರಿಸಿ, ಮೇಲೆ ಪುಟ್ಟಿ, ಅದೂ ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ದಪ್ಪಗೆ ಒಂದೇ ಸಲ ಬಳಿದರೆ ಪುಟ್ಟಿ ಕುಗ್ಗಿ, ಬಣ್ಣದ ಮೇಲೂ ಗೆರೆ ಎದ್ದು ಕಾಣುತ್ತೆ. ಯಲಹಂಕದ ವಿಮಾನ ಪ್ರದರ್ಶನಕ್ಕೆ ಅಂತ ಹೋದ ತಿಂಗಳು ಮಾಡಿದ ಮಾದರಿ ವಿಮಾನಗಳ ರೆಕ್ಕೆ ಎಲ್ಲಿ ಕೂಡಿದೆ ಅಂತ ಹುಡುಕಿದರೂ ಸಿಗಲ್ಲ. ಮುಚ್ಚೋ ಕೆಲಸದಲ್ಲಿ ನನಗೆ ನಾಚಿಕೆ ಇಲ್ಲ ಅಣ್ಣಾ. ಏನನ್ನು ಮುಚ್ಚುತ್ತಿದ್ದೀನಿ ಅನ್ನೋದು ಗೊತ್ತಿರಬೇಕು, ಅಷ್ಟೆ.

ಈ ಸಲ ಡಬ್ಬದಲ್ಲಿ ಬಂದದ್ದು ವಿಮಾನ ಅಲ್ಲ, ನಿಮ್ಮ ಕಂಪನಿಯ ಲೇಔಟಿನ ಮಾದರಿ. ಯುಗಾದಿಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಗಿರಾಕಿಗಳಿಗೆ ತೋರಿಸೋದಂತೆ. ಉಗುರುದ್ದದ ಮನೆಗಳು, ಈಜುಕೊಳ, ನಾಯಿಗೂ ಒಂದು ಪಾರ್ಕು. ಕೆಳಗಿನ ನೆಲ ಎರಡು ದೊಡ್ಡ ತುಂಡು. ಕೂಡಿಸಿದೆ, ಮಧ್ಯೆ ಕಡ್ಡಿಯಗಲದ ಸಂದಿ. ಎರಕದವರು ಕೆಡಿಸಿದ್ದಾರೆ ಅಂತ ಬೈಕೊಂಡು ಅಂಚು ಉಜ್ಜೋಕೆ ಶುರು ಮಾಡಿದೆ. ಕೈ ತಾನಾಗೇ ನಿಂತಿತು. ಎರಕದ ತಪ್ಪು ಎಲ್ಲಾದರೂ ಡೊಂಕು ತಿರುಗುತ್ತಾ? ಇದು ತಿರುಗಿತ್ತು, ಹೊಂಗೆಮರದ ಹತ್ತಿರ ಎಡಕ್ಕೆ, ಆಮೇಲೆ ನೆಟ್ಟಗೆ. ಚಿಕ್ಕಜಾಲದ ಆಚೆ ನಮ್ಮ ಕೇರಿಯಿಂದ ಸ್ಮಶಾನಕ್ಕೆ ಹೋಗೋ ಸಂದಿ ಅದು. ಅದರ ಆ ಕಡೆಯ ಜಮೀನು, ಈ ಕಡೆಯ ಜಮೀನು ನಿಮ್ಮ ಕಂಪನಿಯವರು ಬೇರೆ ಬೇರೆ ತಗೊಂಡರಲ್ಲ, ಅಳತೆ ಮಾಡಿದವನು ಇದ್ದದ್ದು ಇದ್ದಹಾಗೆ ಬರೆದುಬಿಟ್ಟಿದ್ದಾನೆ, ಮಾದರಿಯಲ್ಲೂ ಹಾಗೇ ಬಂದಿದೆ.

ನಮ್ಮ ಓನರ್ ರಘುನಾಥ್ ಸರ್‌ಗೆ ತೋರಿಸಿದೆ. ಅವರು ಹೊಸೂರಿನ ನಿಮ್ಮ ಆಫೀಸಿಗೆ ಫೋನ್ ಮಾಡಿ, ಮಾತು ಮುಗಿಸಿ, ಸಂದಿ ಮುಚ್ಚಿ ಮೇಲೆ ಹುಲ್ಲು ಅಂಟಿಸು ಅಂದರು. ಯಾರು ಹೇಳಿದ್ದು ಅಂದೆ. ‘ನಿಮ್ಮಣ್ಣನೇ ಕಣಮ್ಮ. ಅದೊಂದು ಸಂದಿ, ಮುಚ್ಚೋಕೆ ಹೇಳಿ ಅಂದ್ರು.’

ಅದೊಂದು ಸಂದಿ. ಯಾರ ಬಾಯಲ್ಲಿ ಬಂತು ಈ ಮಾತು? ನಮ್ಮ ಕೇರಿ ಸಂಘದ ಬೋರ್ಡು ಹೊತ್ತು, ನನ್ನನ್ನು ಸೈಕಲ್ ಮುಂದೆ ಕೂರಿಸಿಕೊಂಡು ಮೆರವಣಿಗೆಗೆ ಕರೆದೊಯ್ದು, ಧಿಕ್ಕಾರ ಅಂತ ಹೊಟ್ಟೆಯಿಂದ ಕೂಗಬೇಕು, ಗಂಟಲಿಂದ ಅಲ್ಲ ಅಂತ ಕಲಿಸಿದವನ ಬಾಯಲ್ಲಿ! ಊರ ಮುಂದಿನ ರಸ್ತೆಯಲ್ಲಿ ನಮ್ಮ ಹೆಣ ಹೋಗಕೂಡದು ಅಂತ ನಮಗೆ ಬಿಟ್ಟದ್ದೇ ಆ ಸಂದಿ. ಅವಮಾನದಲ್ಲಿ ಹುಟ್ಟಿದ ದಾರಿ ಅಂತ ನೀನೇ ಭಾಷಣ ಮಾಡಿದ್ದೆ. ಈಗ ಅದೂ ನಮಗಿಲ್ಲ. ಜಮೀನು ತಗೊಳ್ಳುವಾಗ ಕಂಪನಿ ಟೀ ಶರ್ಟ್ ಹಾಕಿಕೊಂಡು ಕೇರಿಗೆ ಬಂದು, ಸಂದಿ ಎಲ್ಲೂ ಹೋಗಲ್ಲ, ನನ್ನ ಮಾತು ಅಂದೆ. ಅಜ್ಜಿ ನಿನ್ನ ಗಲ್ಲ ಹಿಡಿದು ಹೇಳಿದ್ದು ನೆನಪಿದೆಯಾ? ‘ನಿಮ್ಮ ತಾತ ಓದಂಗೆ ನನ್ನೂ ಆ ಸಂದೀಲೇ ಎತ್ಕೊಂಡೋಗು ಮಗಾ, ಬೇರೆ ದಾರಿ ನಂಗೊತ್ತಿಲ್ಲ.’ ನೀನು ಹೂಂ ಅಂದಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಸಂದಿಯ ಬಾಯಿಗೆ ನೀಲಿ ತಗಡು ಹೊಡೆದಿದ್ದಾರೆ. ಕೇಳಿದರೆ ಕಾವಲಿನವನು ನಿನ್ನ ಹೆಸರು ಹೇಳುತ್ತಾನೆ. ಇನ್ನು ನಕಾಶೆಯಲ್ಲಿ, ಮಾದರಿಯಲ್ಲಿ, ಗಿರಾಕಿಯ ಕಣ್ಣಲ್ಲಿ ಅದು ಇರಬಾರದು, ಅದನ್ನು ಅಳಿಸೋ ಕೈ ನನ್ನದಾಗಬೇಕು, ಅಲ್ವಾ? ಈ ಆರ್ಡರ್ ನಮಗೆ ಕೊಡಿಸಿದ್ದೂ ನೀನೇ ಅಂತೆ. ಉಪಕಾರ ಅಂದುಕೊಂಡಿದ್ದೀಯ. ಥೂ.

ರಘುನಾಥ್ ಸರ್ ಪಾರ್ಸಲ್ ಬಿಡಿಸೋಕೆ ಯಶವಂತಪುರಕ್ಕೆ ಹೋಗಿದ್ದಾರೆ. ಬರೋ ಹೊತ್ತಿಗೆ ಜಮೀರ್ ಗಾಡಿ ಹೊಸೂರಿಗೆ ಹೊರಟಿರುತ್ತೆ. ಮಾದರಿಯ ಜೊತೆ ಈ ಕಾಗದವನ್ನೂ ಅವನ ಕೈಗೇ ಕೊಡ್ತಿದ್ದೀನಿ. ನನ್ನ ಕೆಲಸ ಹೋಗುತ್ತೆ, ಹೋಗಲಿ, ಈ ಕೈಗೆ ಬೇರೆ ಕೆಲಸ ಸಿಗುತ್ತೆ. ಅತ್ತಿಗೆಗೆ ನನ್ನ ನೆನಪು ಹೇಳು, ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಆರೋಗ್ಯ ನೋಡಿಕೋ. ಬಿಸಿಲಲ್ಲಿ ಹೆಲ್ಮೆಟ್ ಇಲ್ಲದೆ ಓಡಾಡಬೇಡ.

ಇನ್ನೂ ನಿನ್ನ ತಂಗಿಯೇ ಆದ
ಜ್ಯೋತಿಲಕ್ಷ್ಮಿ

ಮರೆಯುವ ಮುಂಚೆ: ಮಾದರಿ ಬಿಚ್ಚಿದರೆ ಕಾಣುತ್ತೆ, ಸಂದಿ ಹಾಗೇ ಇದೆ. ಪುಟ್ಟಿ ಡಬ್ಬಿ ಪಕ್ಕದಲ್ಲೇ ಇಟ್ಟಿದ್ದೀನಿ. ಮುಚ್ಚೋದಾದರೆ ನೀನೇ ಮುಚ್ಚು. ಕವರ್ ಅಂಟಿಸುವಾಗ ಅಮ್ಮ ಫೋನ್ ಮಾಡಿದಳು. ಅಜ್ಜಿ ಹೋದಳು. ಅಮ್ಮ ನಿನಗೂ ಫೋನ್ ಮಾಡಿದಳಂತೆ, ನೀನು ಎತ್ತಲಿಲ್ಲ. ನಾಳೆ ತಗಡು ಕೀಳ್ತೀವಿ, ಇಡೀ ಕೇರಿ ಬರುತ್ತೆ, ಪೊಲೀಸರೂ ಬರಬಹುದು. ಜಮೀರ್ ಗಾಡಿ ಇವತ್ತೇ ವಾಪಸ್ ಬರುತ್ತೆ, ಪಕ್ಕದ ಸೀಟು ಖಾಲಿ ಇದೆ. ಚಟ್ಟದ ಮುಂದಿನ ಬಲಗಡೆ ಹೆಗಲು ನಿನ್ನದು. ನೀನು ಬರದಿದ್ದರೆ ಅಲ್ಲಿ ನಾನು ನಿಲ್ತೀನಿ.