ದೋಣಿಗಟ್ಟದ ಸುಳ್ಳುಗುಡ್ಡೆ

ಜಂಪಾಂಗ್ ಉದ್ದಮನೆ, ಹದಿನಾಲ್ಕನೇ ಬಾಗಿಲು
ಸೆಬಂಗ್ ಹೊಳೆ
ಬುಧವಾರ, ಜುಲೈ 9

ಸೆಲಾಳ ಅಪ್ಪನಿಗೆ, ಸೆಲಾಳ ಅವ್ವ ಇಂಪಿನ್ ಬರೆಯುವುದು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ನೀನು ಕೊಟ್ಟ ಮಾತುಗಳು. ರಸ್ತೆ ಎಂದೆ, ಬರಲಿಲ್ಲ. ಕರೆಂಟು ಎಂದೆ, ಕಂಬ ಬಂದವು, ತಂತಿ ಬರಲಿಲ್ಲ, ಕಂಬದ ತುದಿಯಲ್ಲಿ ಈಗ ಹಕ್ಕಿ ಗೂಡು ಕಟ್ಟಿದೆ. ದವಾಖಾನೆ ಎಂದೆ, ಅದರ ಬೋರ್ಡು ಬಂತು, ಏಳನೇ ಬಾಗಿಲಿನವರ ಕೋಳಿಗೂಡಿಗೆ ಅದೇ ಕದ. ಲಿಂಗಾ ಗುಡ್ಡ ನಮ್ಮ ಹೆಸರಿಗೆ ಅಳತೆಯಾಗುತ್ತದೆ ಎಂದೆ. ಅಳತೆಯಾಯಿತು, ಕಂಪನಿಯ ಹೆಸರಿಗೆ.

ಇನ್ನು ನೀನು ಇಲ್ಲವೆಂದದ್ದು. ಕಳೆದ ತಿಂಗಳು ರಾಜಧಾನಿ ಕುಚಿಂಗ್‌ನ ಶಾಸಕರ ಸಭಾಭವನದಲ್ಲಿ ಕೋಟು ತೊಟ್ಟು ಎದ್ದು ನಿಂತು, ಆ ಗುಡ್ಡದ ಮೇಲೆ ಗೋರಿಗಳಿಲ್ಲ ಎಂದೆ. ಅಲ್ಲಿ ಯಾರೂ ಯಾವತ್ತೂ ಭತ್ತ ಬಿತ್ತಿಲ್ಲ ಎಂದೆ. ನಮ್ಮ ಉದ್ದಮನೆಯ ಒಂದೇ ಮಾಡಿನ ಕೆಳಗಿನ ಇಪ್ಪತ್ತೆರಡು ಬಾಗಿಲಿನ ಸಂಸಾರದವರೂ ಓದಿಸಿ ಕೇಳಿ, ತಿಳಿದು, ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾರೆ ಎಂದೆ.

ನನ್ನ ಅವ್ವ ಆ ಗುಡ್ಡ ಹತ್ತಿದ್ದು ನಿನ್ನ ಹೆಗಲ ಮೇಲೆ, ಉಂಗಟ್. ಹೆಣದ ಪೆಟ್ಟಿಗೆಯ ಮುಂದಿನ ಎಡಗಡೆ ನೀನು. ಎರಡು ಸಲ ಜಾರಿದೆ. ನಿನ್ನ ಮಂಡಿಯ ಮೇಲೆ ಆ ಗಾಯದ ಕಲೆ ಇನ್ನೂ ಇರಬೇಕು. ಸಭಾಧ್ಯಕ್ಷರಿಗೆ ಅದನ್ನಾದರೂ ತೋರಿಸಬಹುದಿತ್ತು.

ನೀನು ಮಾತಾಡಿದ್ದನ್ನು ನಾವು ಕೇಳಿದ್ದು ಸೆಲಾಳ ಫೋನಿನಲ್ಲಿ. ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಸಿಗ್ನಲ್ ಸಿಗುತ್ತದೆ. ಅವಳು ಮೇಲೆ ನಿಂತು ಅದನ್ನು ಇಳಿಸಿಕೊಂಡು ಕೆಳಗೆ ಬಂದಳು. ಜಗಲಿಯ ಮೇಲೆ ಎಲ್ಲರೂ ಸುತ್ತ ಕೂತರು. ಶಾಸಕನಾದ ಮೇಲೆ ನಿನ್ನನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ನೀನು ‘ವೈಬಿ’, ಮಾನ್ಯರು. ‘ನಮ್ ವೈಬಿ ಮಾತಾಡ್ತಾನೆ, ಸದ್ದು ಮಾಡ್ಬೇಡ್ರೋ’ ಎಂದು ಹೆಮ್ಮೆಯಿಂದಲೇ ಕೂತಿದ್ದರು. ನಿನ್ನ ಮಾತು ಮುಗಿಯಿತು. ಹತ್ತೊಂಬತ್ತನೇ ಬಾಗಿಲಿನ ಲುಲೊಂಗ್ ಅಜ್ಜಿ ಬಾಯಿಂದ ಎಲೆಯಡಿಕೆ ತೆಗೆದು ಕೇಳಿದಳು: ‘ಹಂಗಾದ್ರೆ ನನ್ನ ಗಂಡನ್ನ ನಾನು ಎಲ್ಲಿ ಹೂಳಿದೆ? ಕುಚಿಂಗಲ್ಲಾ? ಅವನು ಹುಟ್ಟಿದಾಗಿಂದ ಕುಚಿಂಗ್ ನೋಡ್ಲಿಲ್ಲ. ಸತ್ತ ಮೇಲೆ ಹೋದ್ನಾ?’

ಕೆಲವರು ನಕ್ಕರು. ಅಜ್ಜಿ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೋಲೂರಿಕೊಂಡು ದೋಣಿಗಟ್ಟಕ್ಕೆ ಇಳಿದಳು. ದಾರಿ ಕವಲೊಡೆಯುವಲ್ಲಿ, ಬೇಲಿಯಿಂದ ಒಂದು ಒಣಕಡ್ಡಿ ಮುರಿದು ನೆಲಕ್ಕೆ ಹಾಕಿ ನಿನ್ನ ಹೆಸರು ಹೇಳಿದಳು. ಅಪ್ಪನ ಹೆಸರು ಸೇರಿಸಿ, ಪೂರಾ ಹೆಸರು. ನಿನಗೆ ಬಿಡಿಸಿ ಹೇಳಬೇಕಿಲ್ಲ. ನಾವು ಇಬಾನರು ಕಳ್ಳನಿಗೆ ದಂಡ ಹಾಕುತ್ತೇವೆ, ಹೊಡೆದವನಿಗೆ ದಂಡ ಹಾಕುತ್ತೇವೆ. ಊರನ್ನೇ ಮುಳುಗಿಸುವ ಸುಳ್ಳು ಹೇಳಿದವನಿಗೆ ಮಾತ್ರ ದಂಡವಿಲ್ಲ, ಕಡ್ಡಿಗಳ ಗುಡ್ಡೆ. ದಾರಿಯಲ್ಲಿ ಹೋಗುವವರೆಲ್ಲ ಒಂದೊಂದು ಕಡ್ಡಿ ಹಾಕಬೇಕು, ಹೆಸರು ಹೇಳಬೇಕು. ಅವನು ಸತ್ತ ಮೇಲೂ ಹಾಕುತ್ತಾರೆ. ನನ್ನ ಅಜ್ಜಿಯ ಕಾಲದ್ದೊಂದು ಹೊಳೆಯ ಮೇಲ್ಗಡೆ ಇತ್ತಲ್ಲ, ಅದರ ಮನುಷ್ಯನ ಮುಖ ಕಂಡವರು ಒಬ್ಬರೂ ಉಳಿದಿರಲಿಲ್ಲ, ಹೆಸರು ಮಾತ್ರ ಎಲ್ಲರಿಗೂ ಬಾಯಿಪಾಠ. ಐವತ್ತು ವರ್ಷಗಳಿಂದ ನಮ್ಮ ಹೊಳೆಯಲ್ಲಿ ಹೊಸ ಗುಡ್ಡೆ ಎದ್ದಿರಲಿಲ್ಲ. ಈಗ ನಿನ್ನದು ನನ್ನ ಸೊಂಟದೆತ್ತರ. ಕೆಳಗಿನ ಹೊಳೆಯವರು ದೋಣಿ ನಿಲ್ಲಿಸಿ ಇಳಿದು ಬಂದು ಹಾಕಿ ಹೋಗುತ್ತಾರೆ. ಸೆಲಾ ದೋಣಿಗಟ್ಟಕ್ಕೆ ಹೋಗುವುದನ್ನೇ ಬಿಟ್ಟಿದ್ದಾಳೆ. ಹಿತ್ತಲ ಕಡೆಯಿಂದ ಕೆಸರಿನಲ್ಲಿ ಇಳಿದು ದೋಣಿ ಹತ್ತುತ್ತಾಳೆ. ನಾಳೆ ಅವಳ ಮಕ್ಕಳೂ ಹಾಗೇ ಇಳಿಯಬೇಕು.

ನಾನು ಇನ್ನೂ ನಿನ್ನ ಗುಡ್ಡೆಗೆ ಕಡ್ಡಿ ಹಾಕಿಲ್ಲ. ಗಂಡ ಅಲ್ಲವೆ, ಕೈ ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ನೀನು ಹೀಗಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಬರೆದರೆ ಅದೂ ಸುಳ್ಳಾಗುತ್ತದೋ ಏನೋ. ಮೊದಲ ಚುನಾವಣೆಗೆ ನಮ್ಮ ಬಳಿ ಇದ್ದದ್ದು ಒಂದು ಸೋರುವ ದೋಣಿ. ಮೇಷ್ಟ್ರ ಕೆಲಸ ಬಿಟ್ಟವನು ನೀನು. ಮರ ಸಾಗಿಸುವ ಲಾರಿಗಳಿಗೆ ಅಡ್ಡ ಮಲಗಿ ಹನ್ನೊಂದು ದಿನ ಲಾಕಪ್ಪಿನಲ್ಲಿ ಕಳೆದು ಬಂದವನು. ಭಾಷಣ ನಿನ್ನದು, ದೋಣಿಯ ನೀರು ಮೊಗೆದು ಚೆಲ್ಲುವ ಕೆಲಸ ನನ್ನದು. ಮೂವತ್ತೊಂದು ಉದ್ದಮನೆ ತಿರುಗಿದೆವು. ಎದುರಾಳಿ ಪ್ರತಿ ಬಾಗಿಲಿಗೂ ಮಾಡಿಗೆ ಹೊದಿಸುವ ತಗಡು ಹಂಚಿದ್ದ. ನಮ್ಮದೇ ಉದ್ದಮನೆಯ ಯಜಮಾನ ಜಂಪಾಂಗ್ ನಿನ್ನ ಭಾಷಣ ಪೂರ್ತಿ ಕೇಳಿ, ತುವಾಕ್ ಕಳ್ಳು ಬಗ್ಗಿಸಿ ಕೊಟ್ಟು, ‘ಮಾತು ನಿಮ್ದು ಚೆಂದ, ತಗಡು ಅವರ್ದು ಚೆಂದ. ಮಳೆ ಬಂದ್ರೆ ಮಾತು ಹೊದಿಸ್ಕೊಳ್ಳೋಕಾಗ್ತದಾ ಮೇಷ್ಟ್ರೇ?’ ಎಂದ. ಸೋತೆವು. ದಾರಿಯುದ್ದಕ್ಕೂ ನಗುತ್ತ ಬಂದೆವು. ನಾನು ಅಷ್ಟು ನಕ್ಕ ದಿನ ಮತ್ತೆ ಬಂದಿಲ್ಲ.

ಎರಡನೇ ಸಲ ಅರವತ್ತೊಂದು ಮತಗಳಲ್ಲಿ ಗೆದ್ದೆ. ಲುಲೊಂಗ್ ಅಜ್ಜಿಯನ್ನು ಅವಳ ಗಂಡ ಬೆನ್ನ ಮೇಲೆ ಹೊತ್ತು ದೋಣಿಗೆ ತಂದಿದ್ದ. ‘ನನ್ನ ಮತ ಬೀಳದೆ ಹುಡುಗ ಸೋತ್ರೆ ನಿಂಗೆ ಅನ್ನ ಹಾಕಲ್ಲ’ ಎಂದು ಅವನನ್ನು ಹೆದರಿಸಿದ್ದಳಂತೆ. ಐದು ವರ್ಷ ನೀನು ಸಭೆಯಲ್ಲಿ ಕೂಗಿದೆ. ಮೂರು ನಿಮಿಷಕ್ಕೆ ಮೈಕು ನಿಲ್ಲಿಸುತ್ತಿದ್ದರು. ನಮ್ಮ ಹೊಳೆಗೆ ಒಂದು ಮೊಳೆಯೂ ಬರಲಿಲ್ಲ. ‘ಎದುರು ಪಕ್ಷದವನಿಗೆ ಓಟು ಹಾಕಿದೀರಿ, ಅವನ್ನೇ ಕೇಳಿ’ ಎಂದು ಕಚೇರಿಯವರು ನಗುತ್ತ ಕಳಿಸುತ್ತಿದ್ದರು.

ಆಮೇಲೆ ನೀನು ಹಾರಿದೆ. ಪಕ್ಷ ಬಿಟ್ಟು ಹಾರುವವರಿಗೆ ಈ ನಾಡಿನಲ್ಲಿ ಕಪ್ಪೆ ಎನ್ನುತ್ತಾರೆ. ಪೇಟೆಯ ದೋಣಿಗಟ್ಟದಲ್ಲಿ ಗಂಡಸರು, ‘ಇಂಪಿನಕ್ಕ, ನಿಮ್ಮನೆ ಕಪ್ಪೆ ಇವತ್ತು ಯಾವ ದಡದಲ್ಲೈತೆ?’ ಎಂದು ಕೇಳಿದರು. ನಾನು ಬೈದು ಬಂದೆ. ನೀನು ಆವತ್ತು ನನಗೆ ಹೇಳಿದ್ದು ನೆನಪಿದೆಯೆ? ‘ಹೊರಗೆ ನಿಂತು ಕೂಗಿದ್ರೆ ಕೇಳಿಸಲ್ಲ ಇಂಪಿನ್, ಒಳಗೆ ಹೋಗಿ ಪಿಸುಗುಟ್ಟಿದ್ರೆ ಕೇಳಿಸ್ತದೆ.’ ಪಿಸುಗುಟ್ಟಲು ಹೋದವನ ನಾಲಗೆಯನ್ನು ಅವರೇ ಇಟ್ಟುಕೊಂಡರು.

ಮೂರನೇ ಚುನಾವಣೆಗೆ ನೀನು ಹೆಲಿಕಾಪ್ಟರಿನಲ್ಲಿ ಬಂದೆ. ಅಂಗಳದಲ್ಲಿ ಒಣಹಾಕಿದ್ದ ಭತ್ತವೆಲ್ಲ ಅದರ ಗಾಳಿಗೆ ಹಾರಿ ಹೊಳೆಗೆ ಬಿತ್ತು. ಕೆಳಗಿಳಿದು, ಕೈಮುಗಿದು, ಬಾಗಿಲಿಗೆ ಐದೈದು ಕಿಲೋ ಅಕ್ಕಿಯ ಚೀಲ ಕೊಟ್ಟೆ. ಚೀಲದ ಮೇಲೆ ನಿನ್ನ ಮುಖ. ಜನ ಇಸಿದುಕೊಂಡರು, ಫೋಟೋ ತೆಗೆಸಿಕೊಂಡರು, ಗೆಲ್ಲಿಸಿದರು. ನಾಲ್ಕನೇ ಸಲವೂ ಗೆಲ್ಲಿಸಿದರು. ಜನರನ್ನೂ ನಾನು ಬಿಡುವುದಿಲ್ಲ. ಹಾರಿಹೋದ ಭತ್ತ ಯಾರದೆಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹೆಲಿಕಾಪ್ಟರಿನ ದಿನ ನೀನು ಒಂದು ಗಂಟೆ ಇದ್ದು ಹೋದೆ. ನಾನು ಬಿದಿರಗೊಳವೆಯಲ್ಲಿ ಬೇಯಿಸಿಟ್ಟಿದ್ದ ಕೋಳಿಯನ್ನು ಮೂರು ದಿನ ನಾನೂ ಸೆಲಾಳೂ ತಿಂದೆವು. ಆಮೇಲಿನದು ಬರೀ ಫೋನು.

ಕಳೆದ ವರ್ಷ ನೀನು ಕಳಿಸಿದ ಕಾಗದ ಹಿಡಿದುಕೊಂಡು ಬಾಗಿಲಿಂದ ಬಾಗಿಲಿಗೆ ತಿರುಗಿದವಳು ನಾನು. ಬೇರೆ ಯಾರು ಹೋಗಿದ್ದರೂ ಜನ ಹತ್ತು ಪ್ರಶ್ನೆ ಕೇಳುತ್ತಿದ್ದರು. ಅದಕ್ಕೇ ನೀನು ನನ್ನನ್ನು ಕಳಿಸಿದ್ದು. ರಸ್ತೆಗೆ ಅಳತೆ, ಗುಡ್ಡ ನಮ್ಮ ಹೆಸರಿಗಾಗುತ್ತದೆ ಎಂದು ನೀನು ಹೇಳಿದ್ದನ್ನೇ ನಾನು ಹೇಳಿದೆ. ‘ಏನೈತೆ ಮಗಳೇ ಇದರಲ್ಲಿ?’ ಎಂದು ಲುಲೊಂಗ್ ಅಜ್ಜಿ ಕೇಳಿದಳು. ‘ರಸ್ತೆ, ಅಜ್ಜಿ’ ಎಂದೆ. ಹೆಬ್ಬೆರಳು ಕೊಟ್ಟಳು. ಅದರ ರೇಖೆಗಳೆಲ್ಲ ಸವೆದಿವೆ, ಮೂರು ಸಲ ಒತ್ತಿಸಬೇಕಾಯಿತು. ಕಡೆಗೆ ನನ್ನ ಕೈಯಲ್ಲಿ ಅವಳ ಕೈ ಹಿಡಿದು ಒತ್ತಿದೆ. ಆ ನೀಲಿ ಶಾಯಿ ನನ್ನ ಬೆರಳಿನಿಂದ ಐದು ದಿನ ಹೋಗಲಿಲ್ಲ.

ಈಗ ಎಲ್ಲ ತಿಳಿದ ಮೇಲೂ ಜನ ನನ್ನನ್ನು ಏನೂ ಅನ್ನುವುದಿಲ್ಲ. ‘ಪಾಪ, ಕಟ್ಕೊಂಡೋಳಿಗೇ ಮೋಸ ಮಾಡ್ದ, ನಮ್ಮನ್ನ ಬಿಡ್ತಾನಾ’ ಎನ್ನುತ್ತಾರೆ. ಅಜ್ಜಿ ಮೊನ್ನೆ ತನ್ನ ಪಾಲಿನ ಮೀನಿನಲ್ಲಿ ಅರ್ಧ ತಂದು ನನ್ನ ಒಲೆಯ ಬಳಿ ಇಟ್ಟು ಹೋದಳು. ತಿನ್ನಲಾಗಲಿಲ್ಲ.

ಗುಡ್ಡದ ತುಂಬ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿ ಹೋಗಿದ್ದಾರೆ, ನನ್ನ ಅಜ್ಜ ನೆಟ್ಟ ದುರಿಯನ್ ಹಣ್ಣಿನ ಮರಕ್ಕೂ. ಸೋಮವಾರ ಯಂತ್ರಗಳು ಬರುತ್ತವೆ, ಕಂಪನಿಯ ಎಣ್ಣೆತಾಳೆ ತೋಟಕ್ಕೆ ನೆಲ ಬೋಳಿಸಲು. ಗುಡ್ಡ ಹೋದರೆ ಗೋರಿಗಳಷ್ಟೇ ಅಲ್ಲ, ಟ್ಯಾಂಕಿಗೆ ನೀರು ಬರುವ ಝರಿಯೂ ಅಲ್ಲೇ ಇರುವುದು; ನಿನಗೆ ಗೊತ್ತು, ಆ ಪೈಪು ಹಾಕಿಸಿದವನು ನೀನೇ.

ಪೇಟೆಯಿಂದ ಒಬ್ಬಳು ವಕೀಲೆ ಬಂದಿದ್ದಳು. ಚಿಕ್ಕ ವಯಸ್ಸು, ನೇರ ಮಾತು. ‘ಕೇಸು ಹತ್ತು ವರ್ಷ ನಡೆಯತ್ತೆ, ಯಂತ್ರ ಹತ್ತು ದಿನ ನಡೆಯತ್ತೆ. ಆಸೆ ಇಟ್ಕೋಬೇಡಿ’ ಎಂದಳು. ಆಮೇಲೆ ಕೇಳಿದಳು, ಹೆಬ್ಬೆಟ್ಟು ಒತ್ತಿಸುವಾಗ ಕಾಗದದಲ್ಲಿ ಏನಿದೆಯೆಂದು ಹೇಳಿದವರು ಯಾರು, ಅವರು ಪ್ರಮಾಣ ಮಾಡಿ ಹೇಳುತ್ತಾರೆಯೆ ಎಂದು. ‘ಗೊತ್ತಿಲ್ದೆ ಹೇಳಿದ್ದು ಅಂದ್ರೆ ಕೇಸು ನಿಲ್ಲೋದು ಕಷ್ಟ. ಗೊತ್ತಿದ್ದೂ ಸುಳ್ಳು ಹೇಳಿ ಒತ್ತಿಸಿದ್ದು ಅಂತಾದ್ರೆ ನಿಲ್ಲಬಹುದು. ಆದ್ರೆ ಹಾಗೆ ಹೇಳ್ಕೊಂಡವರು ಜೈಲಿಗೂ ಹೋಗಬಹುದು.’ ಜಂಪಾಂಗ್ ನನ್ನ ಪರವಾಗಿ ತಾನೇ ಉತ್ತರ ಕೊಟ್ಟ: ‘ನಮ್ ಇಂಪಿನ್‌ಗೆ ಏನೂ ಗೊತ್ತಿರ್ಲಿಲ್ಲಮ್ಮ. ಅವಳೂ ನಮ್ಮಂಗೇ ಮೋಸಹೋದೋಳು.’ ನಾನು ಚಹಾ ಬಗ್ಗಿಸುತ್ತಿದ್ದೆ. ಬಗ್ಗಿಸುತ್ತಲೇ ಇದ್ದೆ.

ಫೋನು ಮಾಡಿದರೆ ನಿನ್ನ ಕಾರ್ಯದರ್ಶಿ ಎತ್ತಿ, ‘ವೈಬಿ ಮೀಟಿಂಗಲ್ಲಿದಾರೆ ಅಕ್ಕ’ ಎನ್ನುತ್ತಾಳೆ. ಒಂಬತ್ತು ಸಲ ಹಾಗೇ ಅಂದಳು. ಅದಕ್ಕೇ ಈ ಕಾಗದ. ಹೊಳೆಯುದ್ದಕ್ಕೂ ತಿರುಗುವ ನರ್ಸಮ್ಮನ ದೋಣಿಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಸಂಜೆಗೆ ನಿನ್ನ ಕೈಸೇರುತ್ತದೆ. ಶನಿವಾರ ಜಗಲಿಯಲ್ಲಿ ಸಭೆ. ನೀನು ಬಂದು ಎಲ್ಲರೆದುರು ನಿಂತು, ನಾನು ಸಭೆಯಲ್ಲಿ ಹೇಳಿದ್ದು ಸುಳ್ಳು ಎಂದರೆ ಗುಡ್ಡ ಉಳಿಯುತ್ತದೆಯೆ? ನನಗೆ ನಂಬಿಕೆಯಿಲ್ಲ. ಗುಡ್ಡೆ ಕರಗುತ್ತದೆಯೆ? ಅದೂ ಇಲ್ಲ, ಹಾಕಿದ ಕಡ್ಡಿ ವಾಪಸು ತೆಗೆಯುವ ಪದ್ಧತಿ ನಮ್ಮ ಹಿರಿಯರು ಮಾಡಿಲ್ಲ. ಆದರೂ ಕರೆಯುತ್ತಿದ್ದೇನೆ. ಲಾರಿಯ ಮುಂದೆ ಮಲಗಿದಾಗ ಗೆಲ್ಲುತ್ತೇನೆಂದು ನೀನೂ ಮಲಗಿರಲಿಲ್ಲ.

ಸೆಲಾ ಚೆನ್ನಾಗಿದ್ದಾಳೆ. ನಿನ್ನನ್ನು ಕೇಳುವುದಿಲ್ಲ. ಈ ಸಲದ ಗವಾಯ್ ಸುಗ್ಗಿಹಬ್ಬಕ್ಕೆ ನಿನ್ನ ಚಾಪೆ ಹಾಸಿಟ್ಟಿದ್ದೆ. ಹಬ್ಬ ಮುಗಿದು ತಿಂಗಳಾಯಿತು. ಇನ್ನೂ ಸುತ್ತಿಟ್ಟಿಲ್ಲ.

ಸರ್ಕಾರಿ ದಾಖಲೆಯಲ್ಲಿ ಇನ್ನೂ ನಿನ್ನ ಹೆಂಡತಿಯಾಗಿರುವ,
ಇಂಪಿನ್

ತಾ.ಕ.: ಆ ಹೆಬ್ಬೆಟ್ಟಿನ ಕಾಗದದ ಎರಡನೇ ಹಾಳೆಯನ್ನು ನಾನು ಓದಿದ್ದೆ. ನಾಲ್ಕನೇ ಬಾಗಿಲಲ್ಲಿ, ಅವರ ಶಾಯಿ ಒಣಗಲೆಂದು ಕಾಯುತ್ತ ಕೂತಿದ್ದಾಗ. ಸರ್ಕಾರಿ ಭಾಷೆ ಇಂಪಿನ್‌ಗೆ ತಿಳಿಯುವುದಿಲ್ಲ ಎಂದುಕೊಂಡೆ ನೀನು. ಮೊದಲ ಚುನಾವಣೆಯ ಕರಪತ್ರ ಹಿಡಿದು ದೋಣಿಯಲ್ಲಿ ನನಗೆ ಅದನ್ನು ಓದಲು ಕಲಿಸಿದವನೂ ನೀನೇ. ಗುಡ್ಡ ಅರವತ್ತು ವರ್ಷದ ಗುತ್ತಿಗೆಗೆ, ಕಂಪನಿಗೆ, ಬರೆದದ್ದು ಸ್ಪಷ್ಟವಾಗಿತ್ತು. ಇನ್ನೂ ಹದಿನೆಂಟು ಬಾಗಿಲುಗಳಿದ್ದವು. ಅವತ್ತು ಬೆಳಿಗ್ಗೆ ನೀನು ಫೋನಿನಲ್ಲಿ ಅಂದಿದ್ದೆ: ‘ಇದೊಂದು ಮುಗಿಸ್ಕೊಡು ಇಂಪಿನ್, ಬರೋ ಗವಾಯ್‌ಗೆ ಮನೆಗೆ ಬಂದ್ಬಿಡ್ತೀನಿ, ಇರೋದಕ್ಕೆ.’ ನಾನು ಹಾಳೆ ಮಡಿಸಿ ಎದ್ದೆ, ಐದನೇ ಬಾಗಿಲು ತಟ್ಟಿದೆ. ಅಜ್ಜಿಯದು ಹತ್ತೊಂಬತ್ತನೆಯದು.

ಇವತ್ತು ಬೆಳಿಗ್ಗೆ ನಿನ್ನ ಗುಡ್ಡೆಯ ಎದುರಿಗೆ, ದಾರಿಯ ಈಚೆ ಬದಿಯಲ್ಲಿ, ಒಂದು ಕಡ್ಡಿ ಹಾಕಿ ನನ್ನ ಹೆಸರು ಹೇಳಿ ಬಂದಿದ್ದೇನೆ. ಯಾರದೆಂದು ಇನ್ನೂ ಯಾರಿಗೂ ತಿಳಿಯದು. ವಕೀಲೆಯನ್ನು ಬರಹೇಳಿದ್ದೇನೆ, ಬರೆದುಕೊಳ್ಳಲಿ. ನೀನು ಬಂದರೂ, ಬರದಿದ್ದರೂ ಹೇಳುತ್ತೇನೆ: ಶನಿವಾರ, ಜುಲೈ ಹನ್ನೆರಡು, ಬೆಳಿಗ್ಗೆ ಎಂಟು ಗಂಟೆಗೆ, ಜಗಲಿಯಲ್ಲಿ.