ರಕ್ತಕ್ಕಿಳಿದ ಬೂಷ್ಟು ಮತ್ತು ನಿಮ್ಮ ಕಚೇರಿಯ ಶೂನ್ಯ

ಕರಾವಳಿ ರೋಗ ಸಮೀಕ್ಷಾ ಕೋಶದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನಿಮ್ಮ ಕಚೇರಿಯ ಉತ್ತರ ತಲುಪಿತು. ಮಾಹಿತಿ ಹಕ್ಕಿನಲ್ಲಿ ನಾನು ಮೂರು ಪ್ರಶ್ನೆ ಕೇಳಿದ್ದೆ. ಕಳೆದ ಐದು ವರ್ಷಗಳಲ್ಲಿ ನಿಮ್ಮ ವ್ಯಾಪ್ತಿಯಲ್ಲಿ ಎಷ್ಟು ಜನರ ರಕ್ತಕ್ಕೆ ಶಿಲೀಂಧ್ರ ಸೋಂಕು ತಗುಲಿದೆ? 'ಶೂನ್ಯ' ಎಂದಿದ್ದೀರಿ. ಎಷ್ಟು ಜನರನ್ನು ಅದಕ್ಕಾಗಿ ಪರೀಕ್ಷಿಸಿದ್ದೀರಿ? 'ಸದರಿ ಪರೀಕ್ಷೆಯ ಸೌಲಭ್ಯ ಲಭ್ಯವಿರುವುದಿಲ್ಲ.' ಸೌಲಭ್ಯ ಯಾಕಿಲ್ಲ? 'ಪ್ರಕರಣಗಳು ವರದಿಯಾಗದಿರುವುದರಿಂದ ಅಗತ್ಯ ಕಂಡುಬಂದಿರುವುದಿಲ್ಲ.' ಮೂರೂ ಉತ್ತರಗಳನ್ನು ಒಬ್ಬರೇ ಟೈಪ್ ಮಾಡಿದ್ದರೆ, ಮೂರನೆಯದಕ್ಕೆ ಬರುವಾಗ ಅವರಿಗೆ ಸ್ವಲ್ಪವಾದರೂ ನಗು ಬರಲಿಲ್ಲವೇ? ನನಗಂತೂ ಬರಲಿಲ್ಲ. ಯಾಕೆಂದರೆ ಆ ಶೂನ್ಯದೊಳಗೆ ನನ್ನ ಹೆಂಡತಿ ಸಂಧ್ಯಾ ಇದ್ದಾಳೆ. ವಯಸ್ಸು ನಲವತ್ತೊಂದು, ಊರು ಅಂಕೋಲೆಯ ಅವರ್ಸಾ. ಈ ಏಪ್ರಿಲ್‌ನಲ್ಲಿ ರಕ್ತಕ್ಕೆ ಶಿಲೀಂಧ್ರ ಇಳಿದು ಸತ್ತಳು. ಸಾವಿನ ಕಾರಣದ ಕಾಗದದಲ್ಲಿ 'ಹೃದಯ ಸ್ತಂಭನ' ಎಂದಿದೆ. ಹೃದಯ ನಿಲ್ಲದೆ ಸತ್ತವರು ಯಾರಾದರೂ ನಿಮ್ಮ ಕಡತಗಳಲ್ಲಿದ್ದರೆ ದಯಮಾಡಿ ತಿಳಿಸಬೇಕು.

ನಿಮ್ಮನ್ನು ಬೈಯುವ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಅಂಕೋಲೆಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ. ನಾಲ್ಕು ವರ್ಷದ ಹಿಂದೆ ಸಂಧ್ಯಾಗೆ ಉರಿಮೂತ್ರವಾಗಿ ಜ್ವರ ಬಂದಾಗ ಕಾರವಾರದ ವೈದ್ಯರೊಬ್ಬರು ಐದು ದಿನದ ಆಂಟಿಬಯೋಟಿಕ್ ಬರೆದುಕೊಟ್ಟರು. ಎರಡೇ ದಿನದಲ್ಲಿ ಎದ್ದು ಓಡಾಡಿದಳು. ಅಷ್ಟು ಒಳ್ಳೆಯ ಚೀಟಿ ಮಳೆಗಾಲದಲ್ಲಿ ಒದ್ದೆಯಾಗಿ ಹಾಳಾಗಬಾರದೆಂದು ನಾನೇ ಅದಕ್ಕೆ ಲ್ಯಾಮಿನೇಶನ್ ಮಾಡಿದೆ. ಆಮೇಲೆ ಅದು ಇಡೀ ಕೇರಿಯ ಸ್ವತ್ತಾಯಿತು. ಗಂಟಲು ನೋವಿಗೂ ಅದೇ, ಭೇದಿಗೂ ಅದೇ, ನಾಟಿ ಮುಗಿಸಿ ಬಂದ ಮೈಕೈ ನೋವಿಗೂ ಅದೇ. ಪಕ್ಕದ ಮನೆಯ ಬೊಮ್ಮಯ್ಯ ಅಂಗಳದಲ್ಲೇ ನಿಂತು ಕೂಗುತ್ತಿದ್ದ: "ಸಂಧ್ಯಾಕ್ಕಾ, ನಿನ್ ಚೀಟಿ ಒಂಚೂರು ಕೊಡೇ. ನಂಗೂ ಜರ ಬಂದಂಗೆ ಆಗ್ತದೆ." ಔಷಧ ಅಂಗಡಿಯವನು ಚೀಟಿಯ ಹೊಳಪು ನೋಡಿ ಕೊಡುತ್ತಿದ್ದ, ತಾರೀಖು ನೋಡುತ್ತಿರಲಿಲ್ಲ. ಅರ್ಗಾದ ನೆಂಟರ ಮನೆಗೂ ಅದು ಎರಡು ಸಲ ಹೋಗಿ ಬಂದಿದೆ. ಎರಡು ದಿನದ ಗುಳಿಗೆ ನುಂಗಿ, ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಅಕ್ಕಿ ಡಬ್ಬಿಯಲ್ಲಿಡುವುದು ನಮ್ಮ ಕಡೆಯ ಜಾಣತನ. ಸಕ್ಕರೆ ಕಾಯಿಲೆಯಿದ್ದ ಸಂಧ್ಯಾ ಕೊನೆಯ ಎರಡು ವರ್ಷಗಳಲ್ಲಿ ಒಂಬತ್ತು ಸಲ ಹಾಗೆ ನುಂಗಿದ್ದಳು. ನಾನೇ ನೀರು ಕೊಟ್ಟಿದ್ದೇನೆ.

ಮಾರ್ಚ್ ಕೊನೆಗೆ ಅವಳ ಅಪೆಂಡಿಕ್ಸ್ ಒಡೆಯಿತು. ಕಾರವಾರದಲ್ಲಿ ಆಪರೇಷನ್ ಆಯಿತು, ನಾನು ಹಬ್ಬುವಾಡದ ಪರಿಚಯಸ್ಥರ ಮನೆಯಲ್ಲಿ ಉಳಿದೆ. ಗಾಯ ಮಾಯುತ್ತಿತ್ತು, ಜ್ವರ ಮಾತ್ರ ಇಳಿಯಲಿಲ್ಲ. ಒಂದು ಆಂಟಿಬಯೋಟಿಕ್ ಹೋಗಿ ಇನ್ನೊಂದು ಬಂತು, ಅದಕ್ಕಿಂತ ಜೋರಿನದು ಮತ್ತೊಂದು ಬಂತು. ಹನ್ನೊಂದನೆಯ ದಿನ ಹೊಸದಾಗಿ ಬಂದಿದ್ದ ಡಾಕ್ಟರ್ ರೂಪಾಲಿ ನನ್ನನ್ನು ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿ ಹೇಳಿದರು.

"ಹೊಟ್ಟೆ ಅಂದ್ರೆ ಬೆಳಗಿನ ಅಂಕೋಲಾ-ಕಾರವಾರ ಬಸ್ಸು ಅಂತ ತಿಳ್ಕೊಳ್ಳಿ. ಒಳ್ಳೆ ಬ್ಯಾಕ್ಟೀರಿಯಾ ಎಲ್ಲಾ ಸೀಟು ಹಿಡ್ಕೊಂಡು ಕೂತಿರ್ತವೆ. ಕ್ಯಾಂಡಿಡಾ ಅಂತ ಒಂದು ಫಂಗಸ್ಸು ಅಲ್ಲೇ ಮೂಲೇಲಿ ನಿಂತಿರ್ತದೆ. ಸುಮಾರು ಜನರ ಹೊಟ್ಟೇಲಿ ಇರ್ತದೆ, ಏನೂ ಮಾಡೂದಿಲ್ಲ. ನಾವು ಆಂಟಿಬಯೋಟಿಕ್ ಕೊಟ್ಟು ಬಸ್ಸು ಖಾಲಿ ಮಾಡ್ತೇವೆ. ಅದು ಫಂಗಸ್ಸಿಗೆ ತಾಗೂದಿಲ್ಲ. ಆಮೇಲೆ ಸೀಟೆಲ್ಲಾ ಅದರದ್ದೇ. ಕರುಳಿಗೆ ಗಾಯ ಆಗಿದ್ರೆ ಅಲ್ಲಿಂದ ರಕ್ತಕ್ಕೂ ಇಳೀತದೆ."

ನಾನು ಚೀಟಿಯ ವಿಷಯ ಹೇಳಿದೆ. "ಅದರಿಂದಲೇ ಆಯ್ತು ಅಂತ ನಾ ಹೇಳೂದಿಲ್ಲ. ಆಪರೇಷನ್ ಆದ್ಮೇಲೆ ನಾವು ಆ ಮದ್ದು ಕೊಡದಿದ್ರೆ ಕೀವಿನಿಂದಲೇ ಹೋಗ್ತಿದ್ರು. ಆದ್ರೆ ಬಸ್ಸು ಮೊದಲೇ ಅರ್ಧ ಖಾಲಿ ಇತ್ತೇನೋ" ಎಂದರು. ಆ 'ಏನೋ' ಎಂಬ ಮಾತು ಇಟ್ಟುಕೊಂಡು ನಾನು ದಿನ ಕಳೆಯುತ್ತಿದ್ದೇನೆ.

ಈಗ ನಿಮ್ಮ ಪಾಲಿಗೆ ಬರೋಣ. ರಕ್ತದಲ್ಲಿರುವುದು ಶಿಲೀಂಧ್ರವೇ, ಯಾವ ಜಾತಿಯದು, ಯಾವ ಮದ್ದಿಗೆ ಬಗ್ಗುತ್ತದೆ ಎಂದು ಹೇಳುವವರು ಈ ದಡದಲ್ಲಿ ಯಾರೂ ಇರಲಿಲ್ಲ. ಸಂಧ್ಯಾಳ ರಕ್ತ ಘಟ್ಟ ಹತ್ತಿ ಬೇರೆ ಜಿಲ್ಲೆಗೆ ಹೋಯಿತು. ರೂಪಾಲಿಯವರು ಕಾಯದೆ, ಕೈಗೆ ಸಿಕ್ಕ ಫಂಗಸ್ ಮದ್ದು ಶುರು ಮಾಡಿದರು. ದಾರಿಯಲ್ಲಿ ಎರಡು ಸರ್ಕಾರಿ ರಜೆ ಬಂದವು. ಶಿಲೀಂಧ್ರಕ್ಕೆ ರಜೆ ಇರುವುದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಹದಿನಾರನೆಯ ದಿನ ಅವಳು ಹೋದಳು. ಅಸ್ಥಿ ಬಿಟ್ಟು ಮನೆಗೆ ಬಂದಾಗ ಮೊಬೈಲಿಗೆ ವರದಿ ಬಂದಿತ್ತು: ಕ್ಯಾಂಡಿಡಾ ಇದೆ, ಕೊಡುತ್ತಿದ್ದ ಮದ್ದಿಗೆ ಜಗ್ಗುವುದಿಲ್ಲ, ಇಂಥದ್ದಕ್ಕೆ ಜಗ್ಗುತ್ತದೆ. ಆ 'ಇಂಥದ್ದರ' ಹೆಸರನ್ನು ಅಡಿಗೆರೆ ಎಳೆದು ಬರೆದಿದ್ದರು. ಯಾರಿಗೆ ಕೊಡಬೇಕಿತ್ತು, ಮಾನ್ಯರೇ? ಯಾರ ಹೊಟ್ಟೆಯಿಂದ ಶಿಲೀಂಧ್ರ ರಕ್ತಕ್ಕೆ ಇಳಿಯಬಹುದೆಂದು ಕರುಳಿನ ಸೂಕ್ಷ್ಮಜೀವಿಗಳನ್ನು ನೋಡಿ ಮೊದಲೇ ಅಂದಾಜು ಮಾಡುವ ಪ್ರಯತ್ನಗಳು ದೊಡ್ಡ ಊರುಗಳಲ್ಲಿ ನಡೆದಿವೆಯಂತೆ. ಅಷ್ಟು ದುರಾಸೆ ನಮಗಿಲ್ಲ. ಸಾಯುವ ಮುಂಚೆ ವರದಿ ಬಂದರೆ ಸಾಕು ಎನ್ನುವಷ್ಟರ ಮಟ್ಟಿಗೆ ನಮ್ಮ ಆಸೆ ಇಳಿದಿದೆ.

ಆ ವರದಿಯನ್ನು ಪ್ರಿಂಟ್ ಮಾಡಿಕೊಂಡು ನಿಮ್ಮ ಕಚೇರಿಗೂ ಬಂದಿದ್ದೆ. ನಿಮ್ಮ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. "ಡೆಂಗಿಗೆ ಕಾಲಂ ಅದೆ, ಮಲೇರಿಯಾಕ್ಕೆ ಅದೆ, ಹಾವು ಕಚ್ಚಿದ್ದಕ್ಕೂ ಅದೆ. ಇದಕ್ಕೆ ಇಲ್ಲಲ್ಲಾ" ಎಂದರು. 'ಇತರೆ'ಯಲ್ಲಿ ಹಾಕಿ ಎಂದೆ. "ಇತರೆಯಲ್ಲಿ ಒಂದು ತೋರ್ಸಿದ್ರೆ ಮೇಲಿಂದ ನೂರು ಪ್ರಶ್ನೆ ಬರ್ತದೆ. ಯಾಕೆ ಸುಮ್ನೆ?" ಎಂದು ಕಾಗದ ಮಡಚಿ ನನ್ನ ಕೈಗೇ ಕೊಟ್ಟರು.

ಮನೆಗೆ ಬಂದು ಆ ಚೀಟಿಯನ್ನು ಅಂಗಡಿಯ ಕಟರಿನಲ್ಲಿ ನಾಲ್ಕು ತುಂಡು ಮಾಡಿದೆ. ಕೇರಿಯವರನ್ನು ಕೂರಿಸಿಕೊಂಡು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ನನ್ನ ತಾಯಿ ಸೋಮಿಯೇ ನಂಬಲಿಲ್ಲ. "ಬೂಷ್ಟು ಬರೂದು ಚಪ್ಪಲಿಗೆ, ಉಪ್ಪಿನಕಾಯಿಗೆ. ರಕ್ತಕ್ಕೆ ಬರೂದು ಎಲ್ಲಾದ್ರೂ ಕೇಳಿದ್ಯೇನಾ?" ಎಂದಳು. ಬೊಮ್ಮಯ್ಯ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದ: "ಚೀಟಿ ಮೇಲೆ ಎಂತಕ್ಕೆ ಸಿಟ್ಟು ಮಾರಾಯಾ? ಸಂಧ್ಯಾಕ್ಕ ಹೋದದ್ದು ಹಾರ್ಟಿಂದ ಅಲ್ದಾ? ಕಾಗದದಲ್ಲೇ ಬರ್ದದೆ. ನೀ ಕತ್ರಿಸಿದ್ರೂ ಅಡ್ಡಿಲ್ಲ ಬಿಡು, ಫೋಟೋ ನನ್ ಮೊಬೈಲಲ್ಲಿ ಅದೆ." ಹೋದ ತಿಂಗಳು ಅವನ ಮಗಳು ಮಾನಸಾಗೆ ಗಂಟಲು ಬಾತಿತ್ತು. ಹನ್ನೊಂದು ವರ್ಷದ ಹುಡುಗಿ. ಫೋಟೋ ತೋರಿಸಿ ಗುಳಿಗೆ ತಂದ, ಎರಡು ದಿನಕ್ಕೆ ಇಳಿಯಿತು. ಬಾಳೆಗೊನೆಯೊಂದನ್ನು ನಮ್ಮ ಜಗುಲಿಯಲ್ಲಿಟ್ಟು, "ಸಂಧ್ಯಾಕ್ಕ ಹೋದ್ಮೇಲೂ ನಮ್ಗೆ ಉಪಕಾರ ಮಾಡ್ತು" ಎಂದು ಕಣ್ಣೊರೆಸಿಕೊಂಡ. ಅವನಿಗೆ ನಾನು ಏನು ಹೇಳಬೇಕಿತ್ತು? ನಿಮ್ಮ ಇಲಾಖೆಯ ಭಾಷೆಯಲ್ಲಿ ಅದಕ್ಕೆ ಏನಾದರೂ ಉತ್ತರವಿದ್ದರೆ ಕಳಿಸಿಕೊಡಿ.

ಪ್ರಯೋಗಾಲಯ ಕಟ್ಟಿ, ಯಂತ್ರ ತನ್ನಿ, ಔಷಧ ಅಂಗಡಿಗಳ ಮೇಲೆ ಕಣ್ಣಿಡಿ ಎಂದೆಲ್ಲ ಕೇಳುವ ಹುಮ್ಮಸ್ಸು ನನ್ನಲ್ಲಿ ಉಳಿದಿಲ್ಲ. ನನ್ನ ಬೇಡಿಕೆ ಒಂದೇ. ನಿಮ್ಮ ಕಚೇರಿಯ ಮುದ್ರೆಯಿರುವ ಕಾಗದದ ಮೇಲೆ, ಅವರ್ಸಾದ ಸಂಧ್ಯಾ ಎಂಬ ಹೆಂಗಸು ರಕ್ತದ ಶಿಲೀಂಧ್ರ ಸೋಂಕಿನಿಂದ ಸತ್ತಳು ಎಂದು ಒಂದು ಸಾಲು ಬರೆದುಕೊಡಿ. ಅದನ್ನು ಬೊಮ್ಮಯ್ಯನ ಕೈಗೆ ಕೊಡಬೇಕು. ನಮ್ಮೂರಿನವರು ನನ್ನ ಮಾತು ನಂಬುವುದಿಲ್ಲ, ನಿಮ್ಮ ಮುದ್ರೆಯನ್ನು ನಂಬುತ್ತಾರೆ. ನೀವು ಬರೆಯುವುದಿಲ್ಲವೆಂದು ನನಗೆ ಗೊತ್ತಿದೆ. ಆದರೂ ಆದಷ್ಟು ಬೇಗ ಬರೆಯಿರಿ ಎನ್ನುತ್ತಿದ್ದೇನೆ, ಯಾಕೆಂದರೆ ನಿನ್ನೆಯಿಂದ ಮಾನಸಾಗೆ ಮತ್ತೆ ಜ್ವರ. ಬೊಮ್ಮಯ್ಯ ಈಗಷ್ಟೇ ಮೊಬೈಲ್ ಹಿಡಿದುಕೊಂಡು ಔಷಧ ಅಂಗಡಿಯ ಕಡೆ ಹೋದ.

ಇಂತಿ,
ಏನು ಉತ್ತರ ಬರುತ್ತದೆಂದು ತಿಳಿದೂ ಬರೆದ
ಶಿವಾನಂದ
ಅವರ್ಸಾ, ಅಂಕೋಲಾ ತಾಲೂಕು